ಉಲುವಾಟುವಿನ ಕೆಚಾಕ್: ಯಕ್ಷಗಾನ ನೋಡುವವರಿಗೆ ಹಿಡಿಸುತ್ತಾ?

ಕುಮಟಾ, ಸಿರ್ಸಿ ಕಡೆಯಿಂದ ಬಾಲಿಗೆ ಹೋಗಿ ಬರುವವರು ಈಗ ಜಾಸ್ತಿಯಾಗಿದ್ದಾರೆ. ಉಲುವಾಟು ದೇವಸ್ಥಾನದ ಸಂಜೆಯ ಕೆಚಾಕ್ ನೃತ್ಯ ಹೆಚ್ಚಿನ ಪ್ಯಾಕೇಜುಗಳಲ್ಲಿ ಇರುತ್ತದೆ. "ನೋಡುವಂಥದ್ದು ಏನಾದ್ರೂ ಉಂಟಾ, ಇಲ್ಲಾ ಸುಮ್ನೆ ಟೂರಿಸ್ಟ್ ಗದ್ದಲವಾ?" ಅಂತ ಹೊನ್ನಾವರದಲ್ಲಿ ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ. ಹೋಗಿ, ಆದರೆ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ.

ಅಲ್ಲಿ ಚಂಡೆಯೂ ಇಲ್ಲ, ಮದ್ದಳೆಯೂ ಇಲ್ಲ. ಬಾಲಿಯವರ ಗಾಮೆಲಾನ್ ವಾದ್ಯಮೇಳ ಕೂಡ ಇಲ್ಲ. ಸೊಂಟಕ್ಕೆ ಕಪ್ಪು-ಬಿಳಿ ಚೌಕುಳಿ ಬಟ್ಟೆ ಸುತ್ತಿದ ಗಂಡಸರು ಬರಿಮೈಯಲ್ಲಿ ದೀಪದ ಸುತ್ತ ಕೂರುತ್ತಾರೆ. ಅವರ ಬಾಯೇ ಹಿಮ್ಮೇಳ. ಒಬ್ಬ "ಪುಂಗ್, ಪುಂಗ್" ಅಂತ ಲಯ ಹಿಡಿದಿರುತ್ತಾನೆ. ಉಳಿದವರದ್ದು "ಚಕ್ ಚಕ್". ಒಂದು ಗುಂಪು ಬಿಟ್ಟ ಜಾಗಕ್ಕೆ ಇನ್ನೊಂದು ಗುಂಪಿನ ಚಕ್ ಬಂದು ಕೂರುತ್ತದೆ, ಸಂದಿಯೇ ಸಿಗುವುದಿಲ್ಲ. ನಾನು ಸ್ವಲ್ಪ ಹೊತ್ತು ಒಬ್ಬನ ತುಟಿಯನ್ನೇ ನೋಡುತ್ತ ಕೂತೆ. ಅವನು ಹೇಳುತ್ತಿದ್ದದ್ದು ಕಡಿಮೆ, ಬಿಡುತ್ತಿದ್ದದ್ದೇ ಜಾಸ್ತಿ! ಅಷ್ಟೊಂದು ಜನ ಹೀಗೆ ಲೆಕ್ಕ ತಪ್ಪದೆ ಬಿಡುವುದಿದೆಯಲ್ಲ, ಕೊಟ್ಟ ದುಡ್ಡು ಅದಕ್ಕೇ ಸಾರ್ಥಕ.

ಕಥೆ ರಾಮಾಯಣದ್ದೇ. ಚಿನ್ನದ ಜಿಂಕೆ, ಸೀತಾಪಹರಣ, ಹನುಮಂತ. ಆದರೆ ಯಕ್ಷಗಾನದ ಹಾಗೆ ಪಾತ್ರಗಳು ಮಾತಾಡುವ ಅರ್ಥಗಾರಿಕೆ ಇಲ್ಲ. ರಾವಣ ಬಂದ, ಸೀತೆಯನ್ನು ಒಯ್ದ, ಮುಗಿಯಿತು. ಮಾತು ಕೇಳಲಿಕ್ಕೇ ಆಟಕ್ಕೆ ಹೋಗುವ ನನ್ನಂಥವನಿಗೆ ಇದು ಉಪ್ಪಿಲ್ಲದ ಸಾರು. ಹನುಮಂತ ಮಾತ್ರ ಬೆಂಕಿ ಒದ್ದು ಕಿಡಿ ಹಾರಿಸಿದಾಗ ಮೈ ಜುಂ ಅಂದಿತು. ಆಮೇಲೆ ಅವನೇ ಪ್ರೇಕ್ಷಕರ ನಡುವೆ ಕೂತು ಸೆಲ್ಫಿಗೆ ಮುಖ ಕೊಟ್ಟ. ಮಕ್ಕಳಿಗೆ ಖುಷಿ, ನನಗೆ ಕಿರಿಕಿರಿ.

ನಮ್ಮ ಗೈಡ್ ಇದು ಸಾವಿರಾರು ವರ್ಷದ ಪೂಜೆ ಅಂದ. ಅಲ್ಲ. ಕೆಚಾಕ್ ಈ ರೂಪಕ್ಕೆ ಬಂದದ್ದು 1930ರ ದಶಕದಲ್ಲಿ. ಅದರ ಬೇರು ಸಾಂಗ್‌ಹ್ಯಾಂಗ್ ಅನ್ನುವ ಆಚರಣೆಯಲ್ಲಿದೆ. ಊರಿನಿಂದ ರೋಗರುಜಿನ ಓಡಿಸಲು ಪುಟ್ಟ ಹುಡುಗಿಯರು ಮೈಮೇಲೆ ದೇವರು ಬಂದು ಕುಣಿಯುತ್ತಿದ್ದರು, ಗಂಡಸರು ಚಕ್ ಹೇಳುತ್ತಿದ್ದರು. ಬೆಡುಲು ಊರಿನ ನರ್ತಕ ವಾಯಾನ್ ಲಿಂಬಾಕ್ ಮತ್ತು ಬಾಲಿಯಲ್ಲಿ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಸೇರಿ ಆ ಚಕ್‌ಗೆ ರಾಮಾಯಣ ಜೋಡಿಸಿ, ಹೊರಗಿನವರೂ ನೋಡುವಂಥ ಪ್ರದರ್ಶನ ಮಾಡಿದರು. ಲಿಂಬಾಕ್ ಮುಂದೆ ತಂಡ ಕಟ್ಟಿಕೊಂಡು ವಿದೇಶಕ್ಕೂ ಹೋದ. 2015ರಲ್ಲಿ ಯುನೆಸ್ಕೋ ಬಾಲಿಯ ಒಂಬತ್ತು ನೃತ್ಯಗಳನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಡುಗಿಯರು ಕುಣಿಯುವ ಆ ಸಾಂಗ್‌ಹ್ಯಾಂಗ್ ದೆದಾರಿ ಅದರಲ್ಲಿದೆ, ಇಷ್ಟು ಹೆಸರುವಾಸಿಯಾದ ಕೆಚಾಕ್ ಇಲ್ಲ.

ಹಾಗಂತ ಇದು ನಕಲಿಯಾ? ನನಗೆ ಹಾಗನ್ನಿಸಲಿಲ್ಲ. ನಮ್ಮ ಗುಣವಂತೆಯ ಇಡಗುಂಜಿ ಯಕ್ಷಗಾನ ಮೇಳ ಶುರುವಾದದ್ದೂ 1934ರಲ್ಲಿ. ಅದನ್ನು ಯಾರಾದರೂ ಹೊಸದು ಅಂತಾರಾ? ಇನ್ನು ರಾತ್ರಿಯಿಡೀ ಆಡದೆ ಕೆಲವೇ ತಾಸಿಗೆ ಮುಗಿಸುವ ಕಾಲಮಿತಿ ಆಟಕ್ಕೆ ಮೂಗು ಮುರಿಯುತ್ತಲೇ ಮುಂದಿನ ಸಾಲು ಹಿಡಿಯುವವರು ನಾವು. ಟೂರಿಸ್ಟರಿಗಾಗಿ ಒಂದು ತಾಸಿಗೆ ಕೂರಿಸಿದ ಆಟಕ್ಕೆ ಬೈಯುವ ಹಕ್ಕು ನಮಗಂತೂ ಇಲ್ಲ, ಅಲ್ವಾ?

ಬೇಸರ ಆದದ್ದು ವ್ಯವಸ್ಥೆಯ ಬಗ್ಗೆ. ಪ್ಯಾಕೇಜಿನವರು ತಡವಾಗಿ ಕರೆದುಕೊಂಡು ಹೋದರು. ಬದಿಯ ಸೀಟು ಸಿಕ್ಕಿತು, ರಾವಣನ ಬೆನ್ನೇ ಜಾಸ್ತಿ ಕಂಡಿತು. ಸೂರ್ಯಾಸ್ತ ಕಾಣುವ ಸೀಟಿಗೆ ನೂಕುನುಗ್ಗಲು ಇರುತ್ತದೆ. ಅರಬ್ಬಿ ಸಮುದ್ರದ ಸೂರ್ಯಾಸ್ತ ದಿನಾ ನೋಡುವ ನಮಗೆ ಅದು ಬೇಡ, ವೃತ್ತ ಪೂರ್ತಿ ಕಾಣುವ ಮೇಲಿನ ಮೆಟ್ಟಿಲು ಹಿಡಿಯಿರಿ. ದೇವಸ್ಥಾನಕ್ಕೆ ಬೇರೆ ಟಿಕೆಟ್, ನೃತ್ಯಕ್ಕೆ ಬೇರೆ. ಅಲ್ಲಿನ ದುಡ್ಡು ರುಪಿಯಾದಲ್ಲಿ ಲಕ್ಷ ದಾಟುತ್ತದೆ, ಹೆದರಬೇಡಿ. ಕನ್ನಡಕ ಮಾತ್ರ ಜೋಪಾನ. ಅಲ್ಲಿನ ಮಂಗಗಳು ಅದನ್ನು ಕಿತ್ತುಕೊಂಡರೆ ತಿಂಡಿ ಕೊಡದೆ ವಾಪಸ್ ಕೊಡುವುದಿಲ್ಲ. ಆಟ ಮುಗಿದ ಮೇಲೆ ಎಲ್ಲ ಗಾಡಿಗಳೂ ಒಟ್ಟಿಗೇ ಹೊರಡುತ್ತವೆ, ವಾಪಸ್ ಬರುವ ಟ್ಯಾಕ್ಸಿಗೆ ಮೊದಲೇ ಹೇಳಿಟ್ಟುಕೊಳ್ಳಿ.