ಎಣ್ಣೆ, ಕನ್ನಡಿ, ಕಟ್ಟಿದ ಕೈ: ಅಪ್ಪನಿಗೆ ಮೂರೂ ಮಾಡಿ ನೋಡಿದೆವು

ಮಂಡ್ಯದ ಮನೆಯಲ್ಲಿ ಬೆಳಗಿನ ಕಾಫಿ ಹೊತ್ತು. ಅಪ್ಪನ ಬಲಗೈಯಿಂದ ಲೋಟ ಜಾರಿತು, ಬಾಯಿ ಸೊಟ್ಟಗಾಯ್ತು. ಲಕ್ವ ಅಂದ ತಕ್ಷಣ ಯಾರೋ ಹೇಳಿದರು ಅಂತ ನಾಟಿ ಔಷಧಿಗೆ ಓಡಿದೆವು, ಮೈಸೂರಿನ ಆಸ್ಪತ್ರೆ ಸೇರುವಷ್ಟರಲ್ಲಿ 6 ಗಂಟೆ ಕಳೆದಿತ್ತು. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 4.5 ಗಂಟೆಯೇ ಗಡುವು. ನಮ್ಮದೇ ತಪ್ಪು, ಬಿಡಿ.

ಮೊದಲು ಎಣ್ಣೆ. ಮೂರು ವಾರ ಒಬ್ಬರು ಮನೆಗೇ ಬಂದು ತಿಕ್ಕಿದರು. ಅಪ್ಪನಿಗೆ ಹಿತವಾಗಿತ್ತು, ನಿದ್ದೆಯೂ ಬರುತ್ತಿತ್ತು. ಕೈ ಮಾತ್ರ ಇದ್ದ ಹಾಗೇ ಇತ್ತು. ಸಾಲದ್ದಕ್ಕೆ ಅವರು ತೋಳು ಹಿಡಿದು ಜಗ್ಗಿ ಭುಜನೋವು ಬೇರೆ ಶುರುವಾಯ್ತು. ಸೋತ ಕೈಯನ್ನು ಹಾಗೆ ಎಳೆದರೆ ಕೀಲು ಜಾರುತ್ತದೆ ಅಂತ ಫಿಸಿಯೋ ಹತ್ತಿರ ಬೈಸಿಕೊಂಡೆವು.

ಆಮೇಲೆ ಕನ್ನಡಿ. ಇದು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕೈ ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲೇ ಕಾಡುವ ನೋವಿಗೆ ಅಂತ ಹುಡುಕಿದ ಉಪಾಯ. ಎರಡು ಕೈಗಳ ಮಧ್ಯೆ ಕನ್ನಡಿ ನಿಲ್ಲಿಸಿ ಒಳ್ಳೆ ಕೈ ಆಡಿಸಿದರೆ, ಸೋತ ಕೈಯೇ ಆಡಿದಂತೆ ಕಾಣುತ್ತದೆ. ‘ನನ್ನೇ ಯಾಮಾರುಸ್ತಿದ್ದೀಯೇನ್ಲಾ?’ ಅಂತ ಅಪ್ಪ ತೊದಲಿಕೊಂಡೇ ನಕ್ಕರು. ಆದರೂ ದಿನಾ ಅರ್ಧ ಗಂಟೆ ಕೂತರು, ನಾಲ್ಕನೇ ವಾರಕ್ಕೆ ಬೆರಳು ಒಂಚೂರು ಬಿಚ್ಚಿಕೊಂಡವು. ಕೈ ಅಲ್ಲಾಡುವುದೇ ಇಲ್ಲ ಅನ್ನುವವರಿಗೆ ಇದೇ ಸರಿ, ಖರ್ಚೂ ಇಲ್ಲ.

ನನ್ನ ಓಟು ಮಾತ್ರ ಮೂರನೆಯದಕ್ಕೆ. ಒಳ್ಳೆ ಕೈ ಬಳಸಲಾಗದಂತೆ ಅದಕ್ಕೆ ದಪ್ಪ ಕೈಗವಸು ಕಟ್ಟಿ, ಸೋತ ಕೈಯಲ್ಲೇ ಕೆಲಸ ಮಾಡಿಸುವುದು. ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಕೋತಿಗಳಲ್ಲಿ ಕಂಡದ್ದು ಇದೇ: ಆಗಲ್ಲ ಅಂತ ಒಮ್ಮೆ ಬಿಟ್ಟ ಕೈಯನ್ನು ಮಿದುಳು ಮರೆತೇ ಬಿಡುತ್ತದೆ, ಬಲವಂತವಾಗಿ ಬಳಸಿದರೆ ಮತ್ತೆ ಕಲಿಯುತ್ತದೆ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಎತ್ತಲು ಬರಬೇಕು, ಫಿಸಿಯೋ ನೋಡಿ ಹೂಂ ಅನ್ನಬೇಕು. ಅಸಲಿ ಕ್ರಮದಲ್ಲಿ 2 ವಾರ, ದಿನಕ್ಕೆ 6 ಗಂಟೆ ಅಭ್ಯಾಸ. ನಮ್ಮಿಂದ ಆದದ್ದು ಎರಡೇ ಗಂಟೆ. ಅವರೆಕಾಯಿ ಕಾಲ, ಅವ್ವ ನೆನೆಸಿದ ಕಾಳಿನ ಬಟ್ಟಲು ಮುಂದಿಟ್ಟಳು. ಹಿತುಕಬೇಕು! ಹೆಬ್ಬೆರಳು ತೋರುಬೆರಳು ಸೇರಿಸಿ ಒತ್ತಿದರೆ ಕಾಳು ಸಿಪ್ಪೆ ಬಿಟ್ಟು ಗೋಡೆಗೆ ಹಾರುತ್ತಿತ್ತು, ಮೊದಲ ದಿನ ಅರ್ಧ ಗಂಟೆಗೆ ಒಂಬತ್ತೇ ಕಾಳು, ಅಪ್ಪನಿಗೆ ಸಿಟ್ಟು, ಅವ್ವನಿಗೆ ಕಣ್ಣೀರು. ತಿಂಗಳು ಕಳೆಯುವಷ್ಟರಲ್ಲಿ ಒಂದು ಬಟ್ಟಲು ತುಂಬಿತು. ಮುದ್ದೆ ಮುರಿಯುವುದೂ ಬಂತು. ತಾನಾಗೇ ಎಷ್ಟು ಸುಧಾರಿಸಿತು, ಇದರಿಂದ ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ, ನಿಜ. ನಡೆಯುವಾಗ ಮಾತ್ರ ಕೈ ಕಟ್ಟಲೇಬೇಡಿ, ಬೀಳುತ್ತಾರೆ.

ಮಾತಿನ ವಿಷಯದಲ್ಲಿ ಹೋಲಿಸಲು ಏನೂ ಇಲ್ಲ, ನೇರ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆವು.

ಅಂಗಿ ಗುಂಡಿ ಇನ್ನೂ ಅವ್ವನೇ ಹಾಕಬೇಕು. ಎಣ್ಣೆ ಬಿಟ್ಟಿಲ್ಲ, ಭಾನುವಾರ ಅವಳೇ ಹಚ್ಚುತ್ತಾಳೆ. ತೋಳು ಎಳೆಯುವುದಿಲ್ಲ ಅಷ್ಟೇ.