ಐಪಾಡ್ ವಿಡಿಯೊ (5ನೇ ತಲೆಮಾರು): ಕಂಪ್ಯೂಟರ್‌ಗೆ ಕಾಣದಿದ್ದರೆ ತಕ್ಷಣ ರಿಸ್ಟೋರ್ ಒತ್ತಬೇಡಿ

2005ರ ಈ ಪ್ಲೇಯರಿನ ಧ್ವನಿ ಇವತ್ತಿಗೂ ಚೆನ್ನಾಗಿದೆ. ವಯಸ್ಸಾದಂತೆ ಕಾಟ ಕೊಡುವುದು ಯುಎಸ್‌ಬಿ ಸಂಪರ್ಕ. ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ ಎಂದರೆ ಮೊದಲ ಗುಮಾನಿ ಕೇಬಲ್ ಮೇಲೆ. ಅಗ್ಗದ 30 ಪಿನ್ ಕೇಬಲ್‌ಗಳಲ್ಲಿ ಕೆಲವಕ್ಕೆ ಡೇಟಾ ತಂತಿಯೇ ಇರುವುದಿಲ್ಲ. ಇನ್ನು ಕೆಳಗಿನ ಕಿಂಡಿಯಲ್ಲಿ ಜೇಬಿನ ನೂಲು, ಧೂಳು ಸೇರಿಕೊಂಡಿರುತ್ತದೆ. ಒಣ ಟೂತ್‌ಬ್ರಷ್ ಸಾಕು, ಪಿನ್ನು-ಸೂಜಿ ಹಾಕಬೇಡಿ.

ಬ್ಯಾಟರಿ ಪೂರ್ತಿ ಇಳಿದಿದ್ದರೆ ಹಾರ್ಡ್‌ಡಿಸ್ಕ್ ತಿರುಗಲು ಹೊರಟಾಗಲೆಲ್ಲ ಸಂಪರ್ಕ ಕಡಿದುಹೋಗಬಹುದು. ಗೋಡೆಯ ಚಾರ್ಜರಿನಲ್ಲಿ ಒಂದು ಗಂಟೆ ಇಟ್ಟು, ಹಬ್ ಬಿಟ್ಟು ನೇರ ಪೋರ್ಟಿಗೆ ಹಾಕಿ.

ಆಮೇಲೆ ಡಿಸ್ಕ್ ಮೋಡ್, ಅಂದರೆ ಐಪಾಡನ್ನು ಕಂಪ್ಯೂಟರಿಗೆ ಬರೀ ಡ್ರೈವ್ ಆಗಿ ತೋರಿಸುವ ಸ್ಥಿತಿ. ಹೋಲ್ಡ್ ಸ್ವಿಚ್ ಆನ್ ಮಾಡಿ ಮತ್ತೆ ಆಫ್ ಮಾಡಿ. ಮೆನು ಮತ್ತು ನಡುವಿನ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ಸೇಬಿನ ಚಿಹ್ನೆ ಬಂದ ಕೂಡಲೇ ಬಿಟ್ಟು, ನಡುವಿನ ಬಟನ್ ಮತ್ತು ಪ್ಲೇ ಹಿಡಿಯಿರಿ. ಇಲ್ಲಿ ತಡಮಾಡಿದರೆ ಮಾಮೂಲಿಯಾಗಿ ಆನ್ ಆಗಿಬಿಡುತ್ತದೆ, ಮೊದಲಿಂದ ಶುರುಮಾಡಬೇಕು. ಡಿಸ್ಕ್ ಮೋಡಿನಲ್ಲೂ ಹಾಡು ತುಂಬುವ ಆಪಲ್ ತಂತ್ರಾಂಶ ಐಟ್ಯೂನ್ಸ್‌ಗೆ ಕಾಣದಿದ್ದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಷ್ಟೋ ಸಲ ಐಪಾಡ್ ಅಲ್ಲೇ ಇರುತ್ತದೆ, ಡ್ರೈವ್ ಅಕ್ಷರ ಮಾತ್ರ ಸಿಕ್ಕಿರುವುದಿಲ್ಲ. ಅಥವಾ ಅದೇ ಅಕ್ಷರವನ್ನು ನೆಟ್‌ವರ್ಕ್ ಡ್ರೈವ್ ಹಿಡಿದಿರುತ್ತದೆ. ಬೇರೆ ಅಕ್ಷರ ಕೊಟ್ಟರೆ ಮುಗಿಯಿತು. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡನ್ನು ವಿಂಡೋಸ್ ತಾನಾಗಿ ಓದದು, ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ. ಒಪ್ಪಿದರೆ ಹಾಡುಗಳೆಲ್ಲ ಹೋದವು. ರಿಸ್ಟೋರ್ (ಎಲ್ಲ ಅಳಿಸಿ ಐಪಾಡಿನ ತಂತ್ರಾಂಶವನ್ನು ಹೊಸದಾಗಿ ಹಾಕುವುದು) ಮಾಡಿದರೂ ಅದೇ ಗತಿ.

ಕಟ್‌ಕಟ್ ಸದ್ದು ಬರುತ್ತಿದ್ದರೆ ಸಾಫ್ಟ್‌ವೇರ್ ಜತೆ ಗುದ್ದಾಡಿ ಫಲವಿಲ್ಲ. ಮೆನು-ನಡು ಒತ್ತಿ ರೀಸೆಟ್ ಮಾಡಿ, ಚಿಹ್ನೆ ಬಂದಾಗ ನಡುವಿನ ಬಟನ್ ಮತ್ತು ಹಿಂದಕ್ಕೆ ಹೋಗುವ ಬಟನ್ ಹಿಡಿದರೆ ಡಯಾಗ್ನೋಸ್ಟಿಕ್ ಮೆನು ಬರುತ್ತದೆ. ಅದರ ಹಾರ್ಡ್‌ಡ್ರೈವ್ ವಿಭಾಗದ ಸ್ಮಾರ್ಟ್ ಡೇಟಾದಲ್ಲಿ (ಡಿಸ್ಕಿನ ಆರೋಗ್ಯದ ದಾಖಲೆ) ರೀಅಲಾಕ್, ಪೆಂಡಿಂಗ್ ಸೆಕ್ಟರ್ ಸಂಖ್ಯೆ, ಅಂದರೆ ಕೆಟ್ಟ ಮತ್ತು ಕೆಡುವ ಗುಮಾನಿಯ ಭಾಗಗಳ ಲೆಕ್ಕ, ಏರುತ್ತಲೇ ಇದ್ದರೆ ಡಿಸ್ಕ್ ಮುಗಿಯುತ್ತಾ ಬಂದಿದೆ ಎಂದರ್ಥ.

1.8 ಇಂಚಿನ ಹಳೇ ಡಿಸ್ಕನ್ನೇ ಮತ್ತೆ ಹುಡುಕಿ ಹಾಕುವುದು ದಂಡ. ಎಸ್‌ಡಿ ಅಡಾಪ್ಟರ್ (ಡಿಸ್ಕಿನ ಜಾಗದಲ್ಲಿ ಮೆಮೊರಿ ಕಾರ್ಡ್ ಕೂರಿಸುವ ಪುಟ್ಟ ಫಲಕ) ಜತೆ 128 ಜಿಬಿ ಕಾರ್ಡ್ ಹಾಕಿ. ತೂಕ ಇಳಿಯುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಐಪಾಡ್ ಬಿಚ್ಚುವಾಗ ಲೋಹದ ಪಟ್ಟಿಯಿಂದಲ್ಲ, ಪ್ಲಾಸ್ಟಿಕ್ ಪಟ್ಟಿಯಿಂದ ಅಂಚು ಬಿಡಿಸಿ. ಬ್ಯಾಟರಿ, ಹೆಡ್‌ಫೋನಿನ ರಿಬ್ಬನ್‌ಗಳು ಹಿಂಬದಿಯ ತಟ್ಟೆಗೆ ಅಂಟಿಕೊಂಡಿರುವುದರಿಂದ ಒಮ್ಮೆಲೇ ಎಳೆದರೆ ಹರಿಯುತ್ತವೆ. ಡಿಸ್ಕ್ ರಿಬ್ಬನ್ನಿನ ಪುಟ್ಟ ಚಿಲಕವನ್ನು ಎತ್ತಿ, ನಂತರವೇ ರಿಬ್ಬನ್ ಬಿಡಿಸಿ. ಹೊಸ ಕಾರ್ಡಿಗೆ ರಿಸ್ಟೋರ್ ಬೇಕೇ ಬೇಕು.

ಕೊಳ್ಳುವವರಿಗೆ ಒಂದು ಮಾತು: 30 ಜಿಬಿ ಮಾದರಿಯಲ್ಲಿ ರ‍್ಯಾಮ್ 32 ಎಂಬಿ ಮಾತ್ರ, 60 ಮತ್ತು 80 ಜಿಬಿಯವುಗಳಲ್ಲಿ 64. ಹಾಡುಗಳ ಪಟ್ಟಿ ಅದರಲ್ಲೇ ಕೂರಬೇಕಾದ್ದರಿಂದ ಸಾವಿರಗಟ್ಟಲೆ ಹಾಡು ತುಂಬುವವರು 64 ಎಂಬಿಯ ದಪ್ಪ ಮಾದರಿಯನ್ನೇ ಹುಡುಕಿ, ಇಲ್ಲವೇ ಐಪಾಡಿನ ಸ್ವಂತ ತಂತ್ರಾಂಶದ ಬದಲಿಗೆ ರಾಕ್‌ಬಾಕ್ಸ್ ಹಾಕಿಕೊಳ್ಳಿ. ಆಗ ಐಟ್ಯೂನ್ಸ್ ಇಲ್ಲದೆ ಫೋಲ್ಡರ್ ಎಳೆದು ಹಾಕಿದರೂ ಹಾಡು ಕೇಳಬಹುದು.