ಟೆಡ್ ಟಾಕ್ಸ್: ಇಂಗ್ಲಿಷ್ ತರಗತಿಯಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಅಂಕ: 5ಕ್ಕೆ 4

ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ಮಾತಾಡಿಸಲು ಟೆಡ್ ಭಾಷಣ (ಟೆಡ್ ಎಂಬ ಸಂಸ್ಥೆಯ ವೇದಿಕೆಯಲ್ಲಿ ಬೇರೆ ಬೇರೆ ಕ್ಷೇತ್ರದವರು ಮಾಡುವ ಕಿರು ಭಾಷಣದ ವಿಡಿಯೊ) ಹಾಕುವುದು ಈಗ ರೂಢಿಯಾಗಿದೆ. ಬಹಳಷ್ಟು ಕಡೆ ಆಗುವುದು ಇಷ್ಟೇ: 18 ನಿಮಿಷ ವಿಡಿಯೊ ಓಡುತ್ತದೆ, ಮುಗಿದ ಮೇಲೆ 'ಏನನ್ನಿಸಿತು?' ಎಂದು ಕೇಳಿದರೆ ಮುಂದಿನ ಬೆಂಚಿನ ಇಬ್ಬರು 'ವೆರಿ ಇನ್‌ಸ್ಪೈರಿಂಗ್ ಸರ್' ಅನ್ನುತ್ತಾರೆ, ಉಳಿದವರು ತಲೆ ತಗ್ಗಿಸುತ್ತಾರೆ. ಅದು ಮಕ್ಕಳ ತಪ್ಪಲ್ಲ. ಈ ಭಾಷಣಗಳನ್ನು ಕಟ್ಟುವುದೇ ಕೇಳುಗರನ್ನು ಒಪ್ಪಿಸುವುದಕ್ಕೆ. ಪ್ರಶ್ನೆ, ಪುರಾವೆ, ಪರಿಹಾರ ಎಲ್ಲವೂ ಒಳಗೇ ಇರುತ್ತವೆ. ಕೊನೆಯವರೆಗೆ ಕೇಳಿದವರಿಗೆ ಸೇರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ನಮ್ಮ ಅಭಿಪ್ರಾಯ ನೇರವಾಗಿಯೇ ಹೇಳಿಬಿಡುತ್ತೇವೆ: ಸಾಮಗ್ರಿ ಬಹಳ ಒಳ್ಳೆಯದು, ಆದರೆ ಚರ್ಚೆ ಬೇಕಿದ್ದರೆ ಪೂರ್ತಿ ಹಾಕಬೇಡಿ. ಭಾಷಣಕಾರರು ತಮ್ಮ ಉತ್ತರ ಕೊಡುವ ಮುಂಚೆಯೇ ನಿಲ್ಲಿಸಿ.

2006ರಿಂದ ಈ ಭಾಷಣಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತಿವೆ. ಮೇಷ್ಟ್ರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ವಿಡಿಯೊಗಿಂತ ಅದರ ಜೊತೆಗಿರುವ ಪಠ್ಯ. ಪಠ್ಯದ ಯಾವ ಸಾಲಿನ ಮೇಲೆ ಒತ್ತಿದರೂ ವಿಡಿಯೊ ಅಲ್ಲಿಗೇ ಹೋಗುತ್ತದೆ. ಒಂದು ವಾಕ್ಯವನ್ನು ಮೂರು ಸಲ ಕೇಳಿಸಬೇಕಾದಾಗ ಹಿಂದೆ ಮುಂದೆ ಎಳೆದು ಹುಡುಕಾಡುವ ಕಷ್ಟ ಇಲ್ಲ. ಲೆಕ್ಕ ನೋಡಿ: ನಿಮಿಷಕ್ಕೆ 150 ಪದದ ವೇಗದಲ್ಲಿ 18 ನಿಮಿಷವೆಂದರೆ 2,700 ಪದ. ಅಷ್ಟನ್ನು ಒಂದೇ ಪಿರಿಯಡ್‌ನಲ್ಲಿ ಕೇಳಿ, ಅರ್ಥ ಮಾಡಿಕೊಂಡು, ಆಮೇಲೆ ವಾದಿಸುವುದು ಇಂಗ್ಲಿಷ್ ಮಾಧ್ಯಮದವರಿಗೂ ಕಷ್ಟ. 3 ನಿಮಿಷದ ತುಣುಕಾದರೆ ಸುಮಾರು 450 ಪದ, ಒಂದು ಎ4 ಹಾಳೆ. ಜೆರಾಕ್ಸ್ ಮಾಡಿಸಿ ಇಬ್ಬರಿಗೊಂದು ಹಂಚಬಹುದು.

ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. 'ಅತಿ ಹೆಚ್ಚು ನೋಡಿದವು' ಎಂಬ ಪಟ್ಟಿಯಿಂದ ಆರಿಸಬೇಡಿ. ಯಾರೂ ಅಲ್ಲಗಳೆಯಲಾಗದ ಮಾತಿನಿಂದ ಚರ್ಚೆ ಹುಟ್ಟುವುದಿಲ್ಲ. ಮೊದಲ ಸಲ ಪ್ರಯತ್ನಿಸುವವರಿಗೆ ಪುರಾಣಗಳ ಬಗ್ಗೆ ಬರೆಯುವ ದೇವದತ್ತ ಪಟ್ಟನಾಯಕರ ಭಾಷಣ ಸೂಕ್ತ. 2009ರ ನವೆಂಬರ್‌ನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ನಡೆದ ಟೆಡ್ ಇಂಡಿಯಾದ್ದು ಅದು. ಶುರುವಿನಲ್ಲೇ ಗಣೇಶ, ಕಾರ್ತಿಕೇಯರ ಪಂದ್ಯದ ಕಥೆ ಬರುತ್ತದೆ. ಕಥೆ ಮೊದಲೇ ಗೊತ್ತಿರುವುದರಿಂದ ವಿದ್ಯಾರ್ಥಿಯ ಗಮನವೆಲ್ಲ ಇಂಗ್ಲಿಷಿನ ಕಡೆಗೇ ಇರುತ್ತದೆ. ನವಿಲೇರಿ ಲೋಕ ಸುತ್ತಿದವನದು ಹೆಚ್ಚೋ, ಅಪ್ಪ ಅಮ್ಮನನ್ನು ಸುತ್ತಿದವನದು ಹೆಚ್ಚೋ ಎಂದು ಅವರೇ ಕೇಳುವಲ್ಲಿ ನಿಲ್ಲಿಸಿಬಿಡಿ. ಮುಂದಿನ ವ್ಯಾಖ್ಯಾನವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಕಡಿಮೆ ಬೆಲೆಯ ಸ್ಯಾನಿಟರಿ ಪ್ಯಾಡ್ ತಯಾರಿಸುವ ಯಂತ್ರ ರೂಪಿಸಿದ ಅರುಣಾಚಲಂ ಮುರುಗಾನಂದಂ 2012ರಲ್ಲಿ ಬೆಂಗಳೂರಿನಲ್ಲಿ ಮಾಡಿದ ಭಾಷಣವನ್ನು ಎಷ್ಟು ಹೊಗಳಿದರೂ ಸಾಲದು. ಅವರ ಇಂಗ್ಲಿಷಿನಲ್ಲಿ ವ್ಯಾಕರಣ ಅಲ್ಲಲ್ಲಿ ತಪ್ಪುತ್ತದೆ, ತಮಿಳಿನ ಒತ್ತು ಕೇಳಿಸುತ್ತದೆ, ಆದರೂ ಇಡೀ ಸಭೆ ನಗುತ್ತದೆ, ಕಿವಿಗೊಡುತ್ತದೆ. ತಪ್ಪಾದೀತೆಂದು ಬಾಯಿ ತೆರೆಯದ ಮಕ್ಕಳಿಗೆ ಇದಕ್ಕಿಂತ ಧೈರ್ಯ ಕೊಡುವ ಪಾಠ ನಮಗೆ ಸಿಕ್ಕಿಲ್ಲ. ನಿಲ್ಲಿಸಬೇಕಾದ ಜಾಗ: ಅಂಗಡಿಯ ಪ್ಯಾಡ್ ಕೊಂಡರೆ ಮನೆಯ ಹಾಲಿನ ಖರ್ಚಿಗೆ ಕತ್ತರಿ ಬೀಳುತ್ತದೆ ಎಂದು ಹೆಂಡತಿ ಹೇಳುವಲ್ಲಿ. 'ಈ ಮನೆಯವರು ಈಗ ಏನು ಮಾಡಬೇಕು?' ಎಂದು ಕೇಳಿ. ಹುಡುಗ ಹುಡುಗಿಯರಿಬ್ಬರೂ ಇರುವ ತರಗತಿಯಲ್ಲಿ ವಿಷಯ ಮುಜುಗರ ತರಬಹುದು. ಮೊದಲ ಸುತ್ತು ಹುಡುಗಿಯರ ಗುಂಪು, ಹುಡುಗರ ಗುಂಪು ಬೇರೆ ಬೇರೆ ಇರಲಿ, ಅಭಿಪ್ರಾಯ ಚೀಟಿಯಲ್ಲಿ ಬರೆಯಲಿ. ಚೀಟಿಗಳನ್ನು ಹೆಸರಿಲ್ಲದೆ ಓದಿದ ಮೇಲೆ ಮಾತು ತಾನಾಗಿ ಸಲೀಸಾಗುತ್ತದೆ.

ಆರು ಕಾರು ನಿಲ್ಲಿಸುವಷ್ಟು ಜಾಗದಲ್ಲಿ 300 ಮರಗಳ ಕಾಡು ಬೆಳೆಸಬಹುದು ಎನ್ನುವ ಶುಭೇಂದು ಶರ್ಮಾ ಅವರ 2014ರ ಭಾಷಣ ಚಿಕ್ಕದು, ವಿಷಯ ಕಣ್ಣಿಗೆ ಕಟ್ಟುವಂಥದ್ದು. ಅದಕ್ಕೆ 'ಕಾಡು ಬೇಕೇ ಬೇಡವೇ' ಎಂಬ ಪ್ರಶ್ನೆ ಹಾಕಿದರೆ ಎಲ್ಲರೂ ಬೇಕು ಅಂದು ಸುಮ್ಮನಾಗುತ್ತಾರೆ. 'ಕಾಲೇಜಿನ ಪಕ್ಕದ ಖಾಲಿ ಜಾಗದಲ್ಲಿ ಕಾಡೋ, ವಾಲಿಬಾಲ್ ಅಂಕಣವೋ?' ಎಂದು ಕೇಳಿ ನೋಡಿ. ದುಬೈನಲ್ಲಿ ಪೆಟ್ರೀಷಿಯಾ ರಯಾನ್ ಮಾಡಿದ ಭಾಷಣವೂ ನಮ್ಮ ಕನ್ನಡ ಮಾಧ್ಯಮದ ಮಕ್ಕಳನ್ನು ತಟ್ಟುತ್ತದೆ. ಇಂಗ್ಲಿಷ್ ಪರೀಕ್ಷೆಯೊಂದೇ ಪ್ರತಿಭೆಗೆ ಅಡ್ಡ ನಿಲ್ಲಬಾರದು ಎಂದು ಇಂಗ್ಲಿಷ್ ಮೇಡಂ ಒಬ್ಬರೇ ವಾದಿಸುತ್ತಾರೆ. ಒಂದು ಜಾಗದ ಅಥವಾ ಜನರ ಬಗ್ಗೆ ಒಂದೇ ಕಥೆ ನಂಬಿಕೊಳ್ಳುವ ಅಪಾಯದ ಕುರಿತು ನೈಜೀರಿಯಾದ ಲೇಖಕಿ ಚಿಮಮಾಂಡ ಅಡಿಚಿ ಮಾಡಿದ 2009ರ ಭಾಷಣದಲ್ಲಿ ಮನೆಗೆಲಸದ ಹುಡುಗ ಫಿಡೆಯ ಪ್ರಸಂಗ, ಅಮೆರಿಕದ ರೂಮ್‌ಮೇಟ್ ಪ್ರಸಂಗ ಇವೆರಡು ಸಾಕು. ಬೆಂಗಳೂರಿನವರು ಉತ್ತರ ಕರ್ನಾಟಕದ ಬಗ್ಗೆ ಹೇಳುವ ಒಂದೇ ಕಥೆ ಯಾವುದು, ಅಲ್ಲಿಯವರು ಬೆಂಗಳೂರಿನ ಬಗ್ಗೆ ಹೇಳುವುದು ಯಾವುದು ಎಂದು ಕೇಳಿದರೆ ಪಿರಿಯಡ್ ಸಾಲುವುದಿಲ್ಲ.

55 ನಿಮಿಷದ ಪಿರಿಯಡ್, 60 ಮಂದಿ ಎಂದಿಟ್ಟುಕೊಳ್ಳಿ. ಮೊದಲ 7 ನಿಮಿಷ ವಿಡಿಯೊ ಹಾಕದೆ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದು, ಪ್ರತಿಯೊಬ್ಬರೂ ಒಂದು ವಾಕ್ಯದಲ್ಲಿ ತಮ್ಮ ನಿಲುವು ಬರೆಯಲಿ. ಈ ಹಂತ ಬಿಟ್ಟರೆ ಭಾಷಣಕಾರರ ನಿಲುವೇ ಎಲ್ಲರ ನಿಲುವಾಗುತ್ತದೆ. ಕಷ್ಟದ ಪದ ಎಂಟಕ್ಕಿಂತ ಹೆಚ್ಚು ಕೊಡಬೇಡಿ. ತುಣುಕು ಎರಡು ಸಲ: ಮೊದಲು ಸಬ್‌ಟೈಟಲ್ ಇಲ್ಲದೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಕೆಲವು ಭಾಷಣಗಳಿಗೆ ಕನ್ನಡ ಸಬ್‌ಟೈಟಲ್ ಕೂಡ ಇದೆ; ತರಗತಿಯಲ್ಲಿ ಅದನ್ನು ಹಾಕಿದರೆ ಕಣ್ಣು ಓದಿಕೊಂಡು ಹೋಗುತ್ತದೆ, ಕಿವಿ ಕೆಲಸ ನಿಲ್ಲಿಸುತ್ತದೆ. ಮನೆಯಲ್ಲಿ ಮೊದಲೇ ನೋಡಿ ಬರುವವರಿಗೆ ಅದು ಒಳ್ಳೆಯದು. ವೇಗ ಹೆಚ್ಚೆನಿಸಿದರೆ 0.75ಕ್ಕೆ ಇಳಿಸುವುದಕ್ಕಿಂತ ಎರಡು ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸುವುದು ಮೇಲು. ವೇಗ ಇಳಿಸಿದರೆ ಮಾತಿನ ಲಯ ಕೆಡುತ್ತದೆ. ವಿದ್ಯಾರ್ಥಿಗೆ ಬೇಕಿರುವುದು ಕೇಳಿದ್ದನ್ನು ಜೋಡಿಸಿಕೊಳ್ಳಲು ಒಂದಿಷ್ಟು ಬಿಡುವು.

ಆಮೇಲೆ ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಕೂತರೆ ನಾಲ್ಕು ಜನರ 15 ಗುಂಪು. ಎರಡು ನಿಮಿಷ ಕನ್ನಡದಲ್ಲಿ ಮಾತಾಡಲು ಬಿಡಿ, ಏನು ಹೇಳಬೇಕೆಂಬುದು ಅಷ್ಟರಲ್ಲಿ ಗಟ್ಟಿಯಾಗುತ್ತದೆ. ನಂತರ 12 ನಿಮಿಷ ಇಂಗ್ಲಿಷ್. ಒಬ್ಬರು ಕಡ್ಡಾಯವಾಗಿ ಭಾಷಣಕಾರರ ವಿರುದ್ಧ ಮಾತಾಡಬೇಕು, ಒಬ್ಬರು ಸಮಯ ನೋಡಬೇಕು, ಒಬ್ಬರು ಬರೆದುಕೊಳ್ಳಬೇಕು, ಒಬ್ಬರು ಸುಮ್ಮನಿರುವವರನ್ನು ಪ್ರಶ್ನೆ ಕೇಳಿ ಮಾತಿಗೆಳೆಯಬೇಕು. ವಿರೋಧ ಮಾಡುವುದು ಪಾತ್ರವೆಂದಾದಾಗ ಸಂಕೋಚದವರೂ ಮಾತಾಡುತ್ತಾರೆ. 'ಐ ಅಗ್ರೀ ಅಪ್ ಟು ಎ ಪಾಯಿಂಟ್, ಬಟ್', 'ವಾಟ್ ಇಫ್' ಇಂಥ ನಾಲ್ಕೈದು ಆರಂಭಗಳು ಬೋರ್ಡಿನ ಮೇಲಿರಲಿ. ಮಧ್ಯೆ ತಿದ್ದಬೇಡಿ. ಓಡಾಡುತ್ತ ತಪ್ಪುಗಳನ್ನು ಬರೆದುಕೊಂಡು, ಕೊನೆಯಲ್ಲಿ ಹೆಚ್ಚು ಜನ ಮಾಡಿದ ಐದನ್ನು ಮಾತ್ರ, ಹೆಸರು ಹೇಳದೆ ತಿದ್ದಿ. ಎಲ್ಲ ಗುಂಪಿನಿಂದ ವರದಿ ಕೇಳಲು ಹೋದರೆ ಸಮಯ ಮೀರುತ್ತದೆ. ಚೀಟಿ ಎತ್ತಿ ಬಂದ ನಾಲ್ಕು ಗುಂಪು ಸಾಕು.

ಧ್ವನಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ತರಗತಿ ಕೆಡುವುದು ಹೆಚ್ಚಾಗಿ ಅಲ್ಲೇ. ಲ್ಯಾಪ್‌ಟಾಪ್‌ನ ಸ್ಪೀಕರ್ ಎರಡನೇ ಬೆಂಚು ದಾಟುವುದಿಲ್ಲ. ಬ್ಲೂಟೂತ್ ಸ್ಪೀಕರನ್ನು ಮೇಜಿನ ಮೇಲಲ್ಲ, ಕೋಣೆಯ ನಡುವೆ ಇಡಿ. ಆ ಮೂರು ನಿಮಿಷ ಫ್ಯಾನ್ ಆರಿಸಿ. ಕರೆಂಟ್ ಹೋದರೆ ಪ್ರೊಜೆಕ್ಟರ್ ನಿಲ್ಲುತ್ತದೆ, ಆದರೆ ಸ್ಪೀಕರಿಗೆ ಚಾರ್ಜ್ ಇದ್ದು ಹಾಳೆ ಕೈಯಲ್ಲಿದ್ದರೆ ಪಾಠ ನಿಲ್ಲಬೇಕಿಲ್ಲ.

ಒಂದು ಅಂಕ ಕಳೆದಿರುವುದು ಮುಖ್ಯವಾಗಿ ಒಂದು ಕಾರಣಕ್ಕೆ: ವೇದಿಕೆಯ ಮೇಲೆ ಹೇಳಿದ್ದೆಲ್ಲ ಸಾಬೀತಾದ ಸತ್ಯ ಎಂದು ವಿದ್ಯಾರ್ಥಿಗಳು ನಂಬಿಬಿಡುತ್ತಾರೆ. ನಿಲ್ಲುವ ಭಂಗಿಯಿಂದ ಆತ್ಮವಿಶ್ವಾಸ ಬರುತ್ತದೆಂಬ ಏಮಿ ಕಡಿ ಅವರ 2012ರ ಭಾಷಣವನ್ನೇ ನೋಡಿ. ಭಂಗಿ ಬದಲಿಸಿದರೆ ದೇಹದ ಹಾರ್ಮೋನುಗಳೂ ಬದಲಾಗುತ್ತವೆ ಎಂದ, ಅದರ ಹಿಂದಿದ್ದ 2010ರ ಅಧ್ಯಯನದಲ್ಲಿ ಇದ್ದವರು 42 ಮಂದಿ. 2015ರಲ್ಲಿ ಬೇರೆ ಸಂಶೋಧಕರು 200 ಮಂದಿಯನ್ನು ಪರೀಕ್ಷಿಸಿದಾಗ ಹಾರ್ಮೋನಿನ ಪರಿಣಾಮ ಕಾಣಲಿಲ್ಲ. 2016ರಲ್ಲಿ ಮೂಲ ಅಧ್ಯಯನದ ಸಹಲೇಖಕಿ ಡೇನಾ ಕಾರ್ನಿಯವರೇ ಆ ಪರಿಣಾಮವನ್ನು ತಾವು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ಇದನ್ನು ಮುಚ್ಚಿಡಬೇಕಿಲ್ಲ. ಅರ್ಧ ತರಗತಿಗೆ ಭಾಷಣದ ತುಣುಕು, ಇನ್ನರ್ಧಕ್ಕೆ ಈ ಸಂಗತಿಗಳ ಚೀಟಿ ಕೊಟ್ಟು ಎದುರುಬದುರು ಕೂರಿಸಿ. ಪದವಿ ತರಗತಿಗೆ ಇದು ಅತ್ಯುತ್ತಮ ಚರ್ಚೆ.

ಚಿಕ್ಕವರಿಗೆ 2012ರಲ್ಲಿ ಶುರುವಾದ ಟೆಡ್-ಎಡ್ ಇದೆ, ಅಂದರೆ ಟೆಡ್‌ನದೇ ಅನಿಮೇಷನ್ ಕಿರು ಪಾಠಗಳು. ಚಿತ್ರ ಚೆನ್ನಾಗಿದ್ದರೂ ನಿರೂಪಣೆ ವೇಗ, ಮಾತಾಡುವವರ ತುಟಿ ಕಾಣದು. ಜೊತೆಗಿರುವ ಬಹು ಆಯ್ಕೆಯ ಪ್ರಶ್ನೆಗಳು ಅರ್ಥವಾಯಿತೇ ಎಂದು ನೋಡಲು ಸರಿ, ಮಾತಿಗೆ ಸಾಲವು.

ಟೆಡ್ ಭಾಷಣಗಳ ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಷರತ್ತಿನೊಂದಿಗೆ ಉಚಿತವಾಗಿ ಹಂಚಲು ಕೊಡುವ ಅನುಮತಿ) ವಾಣಿಜ್ಯೇತರ ಬಳಕೆಗೆ ಮಾತ್ರ, ಬದಲಾವಣೆಗೂ ಅವಕಾಶವಿಲ್ಲ. ತರಗತಿಯಲ್ಲಿ ಬೇಕಾದಲ್ಲಿಂದ ಹಾಕಿ ಬೇಕಾದಲ್ಲಿ ನಿಲ್ಲಿಸುವುದು ಬೇರೆ. ಕತ್ತರಿಸಿ, ಕನ್ನಡ ವಿವರಣೆ ಸೇರಿಸಿ ನಿಮ್ಮ ಯೂಟ್ಯೂಬ್ ಚಾನೆಲ್‌ಗೆ ಏರಿಸುವುದು ಬೇರೆ. ಶುಲ್ಕ ಪಡೆಯುವ ಸ್ಪೋಕನ್ ಇಂಗ್ಲಿಷ್ ಕೇಂದ್ರಗಳು ಕೋರ್ಸಿನಲ್ಲಿ ಸೇರಿಸುವ ಮುನ್ನ ಟೆಡ್‌ಗೆ ಬರೆದು ಅನುಮತಿ ಕೇಳಿಕೊಳ್ಳಲಿ.